ಅಜ್ಞಾತಕ್ಕೆ ಹೆಸರಿಟ್ಟ ವಿದ್ವಾಂಸ: ಅಲ್ ಖ್ವಾರಿಝ್ಮಿ ಮತ್ತು ಬೀಜಗಣಿತ

ಬಗ್ದಾದಿನಿಂದ ಬಸ್ರಾದ ಕಡೆಗೆ ಒಬ್ಬ ವ್ಯಾಪಾರಿ ಹೊರಟಿದ್ದಾನೆಂದು ಭಾವಿಸೋಣ. ಅವನು ದಿನಕ್ಕೆ 4 ಫರ್ಸಖ್ ದೂರ ಸಾಗುತ್ತಾನೆ. ಫರ್ಸಖ್ ಎಂದರೆ ಸುಮಾರು 6 ಕಿಲೋಮೀಟರ್. ಅವನು ಹೊರಟು 3 ದಿನಗಳಾದ ಮೇಲೆ ಅದೇ ದಾರಿಯಲ್ಲಿ ಒಬ್ಬ ಓಲೆಕಾರ ಹೊರಡುತ್ತಾನೆ. ಅವನ ವೇಗ ದಿನಕ್ಕೆ 6 ಫರ್ಸಖ್. ಓಲೆಕಾರನು ವ್ಯಾಪಾರಿಯನ್ನು ಎಷ್ಟು ದೂರದಲ್ಲಿ ಸಂಧಿಸುತ್ತಾನೆ?

ವೇಗ, ದೂರ ಮತ್ತು ಕಾಲದ ಇಂತಹ ಲೆಕ್ಕ ಎದುರಾದಾಗ ನಮ್ಮ ಅನೇಕ ಮಕ್ಕಳು ಪೆನ್ನು ಕೆಳಗಿಡುತ್ತಾರೆ. ತಿಳಿಯದ ಸಂಗತಿಯಿಂದ ಲೆಕ್ಕವನ್ನು ಆರಂಭಿಸುವುದು ಹೇಗೆ ಎಂಬುದೇ ಅವರ ಭಯ. ಈ ಭಯಕ್ಕೆ ಸುಮಾರು 1200 ವರ್ಷಗಳ ಹಿಂದೆಯೇ ಒಂದು ಪರಿಹಾರವನ್ನು ಕ್ರಮಬದ್ಧವಾಗಿ ಬರೆದಿಟ್ಟವರು ಮುಹಮ್ಮದ್ ಇಬ್ನ್ ಮೂಸಾ ಅಲ್ ಖ್ವಾರಿಝ್ಮಿ.

ಅಬ್ಬಾಸೀ ಖಲೀಫಾ ಅಲ್ ಮಅ್‌ಮೂನ್ (813–833) ಅವರ ಆಶ್ರಯದಲ್ಲಿ ಬಗ್ದಾದಿನಲ್ಲಿದ್ದ ಅವರು ‘ಅಲ್ ಜಬ್ರ್ ವಲ್ ಮುಕಾಬಲಾ’ ಎಂಬ ಗಣಿತದ ಸಂಕ್ಷಿಪ್ತ ಗ್ರಂಥವನ್ನು ರಚಿಸಿದರು. ಅದರಲ್ಲಿ ಇಂದಿನ ‘ಎಕ್ಸ್’ ಆಗಲಿ, ಸಮಚಿಹ್ನೆಯಾಗಲಿ ಇರಲಿಲ್ಲ. ಎಲ್ಲವೂ ಮಾತಿನಲ್ಲೇ ಇತ್ತು. ತಿಳಿಯದ ಮೊತ್ತವನ್ನು ಅವರು ‘ಶೈ’, ಅಂದರೆ ‘ವಸ್ತು’ ಎಂದು ಕರೆದರು. ಹೆಸರಿಟ್ಟ ಮೇಲೆ ಅಜ್ಞಾತವನ್ನೂ ಜ್ಞಾತದಂತೆಯೇ ಕೂಡಿಸಬಹುದು, ಕಳೆಯಬಹುದು.

ಅವರ ವಿಧಾನದಲ್ಲಿ ನಮ್ಮ ಲೆಕ್ಕವನ್ನು ಬಿಡಿಸೋಣ. ವ್ಯಾಪಾರಿ ಸಾಗಿದ ದಿನಗಳ ಸಂಖ್ಯೆ ಒಂದು ‘ವಸ್ತು’ವಾಗಿರಲಿ. ಹಾಗಾದರೆ ಅವನು ಕ್ರಮಿಸಿದ ದೂರ 4 ವಸ್ತು. ಓಲೆಕಾರನು 3 ದಿನ ತಡವಾಗಿ ಹೊರಟಿದ್ದರಿಂದ ಅವನು ಕ್ರಮಿಸಿದ ದೂರ 6 ವಸ್ತುವಿನಲ್ಲಿ 18 ಕಡಿಮೆ. ಸಂಧಿಸುವ ಕ್ಷಣದಲ್ಲಿ ಎರಡೂ ದೂರಗಳು ಸಮ. ಕೊರತೆಯಾಗಿ ನಿಂತ 18ನ್ನು ಎರಡೂ ಕಡೆಗೆ ಸೇರಿಸಿ ತುಂಬಿಕೊಡುವುದೇ ‘ಜಬ್ರ್’. ಆಗ 4 ವಸ್ತು ಮತ್ತು 18 ಸೇರಿ 6 ವಸ್ತುವಿಗೆ ಸಮವಾಗುತ್ತದೆ. ಎರಡೂ ಕಡೆ ಇರುವ ಒಂದೇ ಜಾತಿಯ ಮೊತ್ತವನ್ನು ಸಮನಾಗಿ ತೆಗೆದುಹಾಕುವುದು ‘ಮುಕಾಬಲಾ’. 4 ವಸ್ತುಗಳನ್ನು ತೆಗೆದರೆ 18 ಎಂಬುದು 2 ವಸ್ತುವಿಗೆ ಸಮ. ಹೀಗೆ ವಸ್ತು 9 ದಿನ, ದೂರ 36 ಫರ್ಸಖ್. ಓಲೆಕಾರನ 6 ದಿನಗಳನ್ನು 6ರಿಂದ ಗುಣಿಸಿದರೂ ಅದೇ 36 ಬರುತ್ತದೆ.

ಮುರಿದ ಮೂಳೆಯನ್ನು ಕೂಡಿಸಿ ಕಟ್ಟುವುದಕ್ಕೂ ಅರಬಿಯಲ್ಲಿ ‘ಜಬ್ರ್’ ಎಂದೇ ಹೇಳುತ್ತಾರೆ. ಆದರೆ ತುಂಬಿದ್ದನ್ನು ಒಂದೇ ಕಡೆಗೆ ತುಂಬಿದರೆ ಲೆಕ್ಕ ಕೆಡುತ್ತದೆ. ಒಂದು ಕಡೆಗೆ ಕೊಟ್ಟಿದ್ದನ್ನು ಇನ್ನೊಂದು ಕಡೆಗೂ ಕೊಡಬೇಕು. ಇದು ತಕ್ಕಡಿಯ ನ್ಯಾಯ.

ಈ ಗ್ರಂಥ ಹುಟ್ಟಿದ್ದೂ ನ್ಯಾಯದ ಅಗತ್ಯದಿಂದಲೇ. ವಾರಸು, ವಸಿಯ್ಯತ್, ಪಾಲು, ವ್ಯಾಜ್ಯ, ವ್ಯಾಪಾರ, ಭೂಮಿಯ ಅಳತೆ, ಕಾಲುವೆಯ ಅಗೆತ ಇವುಗಳಲ್ಲಿ ಜನರಿಗೆ ಬೇಕಾದ ಲೆಕ್ಕವನ್ನು ಬರೆಯುತ್ತಿರುವುದಾಗಿ ಅವರು ಮುನ್ನುಡಿಯಲ್ಲಿ ತಿಳಿಸಿದ್ದಾರೆ. ಗ್ರಂಥದ ಹೆಚ್ಚುಕಡಿಮೆ ಅರ್ಧಭಾಗ ವಸಿಯ್ಯತ್ತಿನ ಲೆಕ್ಕಗಳಿಗೇ ಮೀಸಲಾಗಿದೆ. ಅಲ್ಲಿಯ ಒಂದು ಪ್ರಶ್ನೆ ಹೀಗಿದೆ: ಮೃತನಿಗೆ ಇಬ್ಬರು ಗಂಡು ಮಕ್ಕಳು. ಬಿಟ್ಟುಹೋದ ನಗದು 10 ದಿರ್ಹಮ್. ಒಬ್ಬ ಮಗನಿಂದ ಬರಬೇಕಾದ ಸಾಲ ಇನ್ನೂ 10 ದಿರ್ಹಮ್. ಸೊತ್ತಿನ ಮೂರನೆಯ ಒಂದು ಭಾಗ ಹೊರಗಿನವನೊಬ್ಬನಿಗೆ ವಸಿಯ್ಯತ್. ಸಾಲದಲ್ಲಿ ಎಷ್ಟನ್ನು ಸೊತ್ತಿಗೆ ಸೇರಿಸಬೇಕು? ಅದನ್ನೇ ‘ವಸ್ತು’ ಎಂದು ಹಿಡಿದು ಅವರು 5 ದಿರ್ಹಮ್ ಎಂಬ ಉತ್ತರವನ್ನು ಪಡೆಯುತ್ತಾರೆ. ಇಲ್ಲಿ ಲೆಕ್ಕ ತಪ್ಪಿದರೆ ಒಬ್ಬರ ಹಕ್ಕು ಇನ್ನೊಬ್ಬರ ಕೈ ಸೇರುತ್ತದೆ.

ಇಷ್ಟನ್ನು ಹೇಳಿ ‘ಗಣಿತವೆಲ್ಲ ನಮ್ಮದೇ’ ಎಂದು ಬೀಗಿದರೆ ಅದು ಇತಿಹಾಸಕ್ಕೆ ಮಾಡುವ ಅನ್ಯಾಯ. 8ನೆಯ ಶತಮಾನದಲ್ಲೇ ಭಾರತದ ಖಗೋಳ ಗ್ರಂಥಗಳು ಬಗ್ದಾದನ್ನು ತಲುಪಿ ಅರಬಿಗೆ ಅನುವಾದಗೊಂಡಿದ್ದವು. ಅಲ್ ಖ್ವಾರಿಝ್ಮಿ ಅವರು ‘ಸಿಂದ್‌ಹಿಂದ್’ ಪರಂಪರೆಯ ಖಗೋಳ ಕೋಷ್ಟಕಗಳನ್ನು ಸಿದ್ಧಪಡಿಸಿದರು. ಭಾರತದ ಅಂಕಿಗಳನ್ನು ಕುರಿತು, ಅವು ಭಾರತೀಯರವೆಂದೇ ಹೇಳಿ ಪುಸ್ತಕ ಬರೆದರು. ಪಡೆದದ್ದನ್ನು ಮರೆಮಾಚಲಿಲ್ಲ.

ನಮ್ಮ ಪಯಣಿಗರ ಲೆಕ್ಕಕ್ಕೂ ಭಾರತದಲ್ಲಿ ಹಳೆಯ ದಾರಿಯಿದೆ. ಒಂದೇ ದಿಕ್ಕಿನಲ್ಲಿ ಚಲಿಸುವ ಎರಡರ ನಡುವಿನ ಅಂತರವನ್ನು ಅವುಗಳ ವೇಗಗಳ ವ್ಯತ್ಯಾಸದಿಂದ ಭಾಗಿಸಬೇಕೆಂದು ಆರ್ಯಭಟರು 499ರ ಸುಮಾರಿಗೆ ಸೂತ್ರ ಕೊಟ್ಟಿದ್ದರು. ವ್ಯಾಪಾರಿ 12 ಫರ್ಸಖ್ ಮುಂದಿದ್ದಾನೆ, ವೇಗದ ವ್ಯತ್ಯಾಸ 2. ಓಲೆಕಾರ ಹೊರಟ ಮೇಲೆ ಬೇಕಾಗುವುದು 6 ದಿನ. ಉತ್ತರ ಒಂದೇ. ಬ್ರಹ್ಮಗುಪ್ತರು 628ರಲ್ಲಿಯೇ ‘ಅವ್ಯಕ್ತ’ ರಾಶಿಗಳ ಗಣಿತವನ್ನು ಬರೆದಿದ್ದರು.

ಬಗ್ದಾದಿನಲ್ಲಿ ಅಲ್ ಖ್ವಾರಿಝ್ಮಿ ಅವರಿದ್ದ ಶತಮಾನದಲ್ಲೇ ಕನ್ನಡ ನಾಡಿನಲ್ಲಿ ಮಹಾವೀರಾಚಾರ್ಯರಿದ್ದರು. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವನ್ನು ರಾಜಧಾನಿಯಾಗಿಸಿಕೊಂಡಿದ್ದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಅವರು ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ ಸ್ತುತಿಸಿದ್ದಾರೆ. ಆ ಗ್ರಂಥದಲ್ಲಿಯೂ ವೇಗದ ಲೆಕ್ಕಗಳಿವೆ. ಒಂದು ಹಾವು ಬಿಲವನ್ನು ಹೊಗುತ್ತಿದೆ, ಅದೇ ಹೊತ್ತಿಗೆ ಅದರ ಬಾಲವೂ ಬೆಳೆಯುತ್ತಿದೆ. ಅದು ಪೂರ್ತಿ ಒಳಸೇರುವುದು ಯಾವಾಗ ಎಂದು ಅವರು ಕೇಳುತ್ತಾರೆ.

1145ರಲ್ಲಿ ಸ್ಪೇನಿನ ಸೆಗೋವಿಯಾದಲ್ಲಿ ಚೆಸ್ಟರಿನ ರಾಬರ್ಟ್ ‘ಅಲ್ ಜಬ್ರ್’ ಗ್ರಂಥವನ್ನು ಲ್ಯಾಟಿನ್ ಭಾಷೆಗೆ ಅನುವಾದಿಸಿದರು. ‘ಜಬ್ರ್’ ಎಂಬ ಪದವೇ ಯುರೋಪಿನ ‘ಆಲ್ಜೀಬ್ರಾ’ ಆಯಿತು. ಗ್ರಂಥಕರ್ತರ ಹೆಸರಿನಿಂದ, ಇಂದು ಗಣಕಯಂತ್ರದ ಜಗತ್ತನ್ನು ಆಳುತ್ತಿರುವ ‘ಅಲ್ಗಾರಿದಮ್’ ಎಂಬ ಪದ ಹುಟ್ಟಿತು.

ಪೂರ್ವಿಕರ ಹೆಸರನ್ನು ಸಭೆಗಳಲ್ಲಿ ಹೇಳಿ ಹೆಮ್ಮೆಪಡುವುದು ಸುಲಭ. ಮನೆಯ ಮಗು ಲೆಕ್ಕದ ಮುಂದೆ ಕಣ್ಣೀರಿಡುವಾಗ ಪಕ್ಕದಲ್ಲಿ ಕುಳಿತುಕೊಳ್ಳುವುದು ಕಷ್ಟ. ಸೂತ್ರವನ್ನು ಬಾಯಿಪಾಠ ಮಾಡಿಸುವ ಮೊದಲು ಆ ಮಗುವಿಗೆ ಹೇಳೋಣ: ಗೊತ್ತಿಲ್ಲದಿರುವುದು ಅವಮಾನವಲ್ಲ. ಗೊತ್ತಿಲ್ಲದ್ದಕ್ಕೊಂದು ಹೆಸರಿಡು, ಎರಡೂ ಕಡೆಗೆ ನ್ಯಾಯವಾಗಿ ನಡೆದುಕೋ. ಆಗ ಉತ್ತರ ತಾನಾಗಿ ಹೊರಬರುತ್ತದೆ.