ಅಪೀಲಿಲ್ಲದ ನಿರ್ಣಯ: ಟಿಳಕರ ಮೊಕದ್ದಮೆಗಳೂ ಮುಂಬಯಿ ಹೈಕೋರ್ಟಿನ ಜ್ಯೂರಿಯೂ

ಲೋಕಮಾನ್ಯ ಟಿಳಕರ ಮೇಲೆ 1897ರಲ್ಲಿಯೂ 1908ರಲ್ಲಿಯೂ ನಡೆದ ರಾಜದ್ರೋಹದ ಮೊಕದ್ದಮೆಗಳ ವೃತ್ತಾಂತವು ಕನ್ನಡಿಗರಿಗೆ ಹೊಸದಲ್ಲ. ಮಂಡಾಲೆಯ ಸೆರೆಮನೆಯಲ್ಲಿ ಹುಟ್ಟಿದ ‘ಗೀತಾರಹಸ್ಯ’ವನ್ನು ಆಲೂರ ವೆಂಕಟರಾಯರು ಕನ್ನಡಕ್ಕೆ ತಂದುದನ್ನೂ ನಾವು ಬಲ್ಲೆವು. ಆದರೆ ಶಿಕ್ಷೆಯಾದ ತರುವಾಯ ಟಿಳಕರು ಮೇಲಿನ ನ್ಯಾಯಾಸನವನ್ನು ತಲುಪಲು ಮಾಡಿದ ಯತ್ನಗಳು ಏಕೆ ನಿಷ್ಫಲವಾದವು ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಆ ನಿಷ್ಫಲತೆಗೆ ನ್ಯಾಯಾಧೀಶರ ಮನೋಧರ್ಮವೊಂದೇ ಕಾರಣವಲ್ಲ. ಅಂದಿನ ನ್ಯಾಯವಿಧಾನದ ರಚನೆಯೇ ಹಾಗಿತ್ತು.

ಜ್ಯೂರಿಯು ತನ್ನ ನಿರ್ಣಯಕ್ಕೆ ಕಾರಣ ಕೊಡುವುದಿಲ್ಲ. ‘ದೋಷಿ’ ಅಥವಾ ‘ನಿರ್ದೋಷಿ’ ಎಂದಷ್ಟೇ ಹೇಳುತ್ತದೆ. ಕಾರಣವಿಲ್ಲದ ನಿರ್ಣಯವನ್ನು ಒರೆಗೆ ಹಚ್ಚುವುದು ಹೇಗೆ? ಆದುದರಿಂದ ಜಿಲ್ಲೆಗಳ ಸೆಶನ್ಸ್ ಕೋರ್ಟಿನಲ್ಲಿ ಜ್ಯೂರಿಯ ಮುಂದೆ ವಿಚಾರಣೆ ನಡೆದಿದ್ದರೆ ಕಾಯಿದೆಯ ಅಂಶಗಳ ಮೇಲೆ ಮಾತ್ರ ಅಪೀಲಿಗೆ ಅವಕಾಶವಿತ್ತು. ನ್ಯಾಯಾಧೀಶರು ಜ್ಯೂರಿಗೆ ಕಾಯಿದೆಯನ್ನು ತಪ್ಪಾಗಿ ತಿಳಿಸಿದ್ದರೆ ಅದನ್ನು ಎತ್ತಿ ತೋರಿಸಬಹುದಾಗಿತ್ತು. ಮುಂಬಯಿ, ಕಲಕತ್ತಾ, ಮದರಾಸು ಹೈಕೋರ್ಟುಗಳು ತಾವೇ ನೇರವಾಗಿ ನಡೆಸುತ್ತಿದ್ದ ಫೌಜದಾರಿ ವಿಚಾರಣೆಗಳಲ್ಲಿ ಇಷ್ಟೂ ಹಕ್ಕಿರಲಿಲ್ಲ. ಕಾಯಿದೆಯ ಪ್ರಶ್ನೆಯೊಂದನ್ನು ನ್ಯಾಯಾಧೀಶರೇ ಕಾದಿರಿಸಬೇಕು. ಇಲ್ಲವೆ ಅಡ್ವೊಕೇಟ್ ಜನರಲರು ಪ್ರಮಾಣಪತ್ರ ಕೊಡಬೇಕು. ಇಲ್ಲವೆ ಪ್ರಿವಿ ಕೌನ್ಸಿಲಿಗೆ ಹೋಗಲು ಅನುಮತಿ ದೊರೆಯಬೇಕು. ಈ ಮೂರೂ ಪರರ ಅನುಗ್ರಹವೇ ಹೊರತು ಆರೋಪಿಯ ಹಕ್ಕಲ್ಲ.

1897ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಸ್ಟ್ರೇಚಿಯವರ ಮುಂದೆ ಒಂಬತ್ತು ಜನರ ಜ್ಯೂರಿ ಕುಳಿತಿತ್ತು. ಅದರಲ್ಲಿದ್ದ ಮೂವರು ಭಾರತೀಯರೂ ಟಿಳಕರನ್ನು ನಿರ್ದೋಷಿ ಎಂದರು. ಉಳಿದ ಆರು ಮಂದಿ ದೋಷಿ ಎಂದರು. ಬಹುಮತಕ್ಕೆ ಕಾಯಿದೆ ಬಯಸುತ್ತಿದ್ದುದು ಕನಿಷ್ಠ ಆರು ಮತಗಳನ್ನೇ. ಅದರಲ್ಲಿ ಒಂದು ಕಡಮೆಯಾಗಿದ್ದರೂ ಆ ನಿರ್ಣಯ ನಿಲ್ಲುತ್ತಿರಲಿಲ್ಲ. ರಾಜದ್ರೋಹದ ಕಲಮಿನಲ್ಲಿದ್ದ ಮುಖ್ಯ ಪದಕ್ಕೆ ‘ಸರಕಾರದ ಮೇಲೆ ಪ್ರೀತಿಯಿಲ್ಲದಿರುವುದು’ ಎಂಬ ಅರ್ಥವನ್ನು ನ್ಯಾಯಮೂರ್ತಿಗಳು ಜ್ಯೂರಿಗೆ ಹೇಳಿದ್ದರು. ಪ್ರೀತಿಯ ಅಭಾವವೇ ಅಪರಾಧವೆಂದಾದರೆ ತಪ್ಪಿಸಿಕೊಳ್ಳಬಲ್ಲವರಾರು? ಈ ಅರ್ಥವನ್ನು ಪ್ರಶ್ನಿಸಿ ಅನುಮತಿ ಬೇಡಿದಾಗ ಹೈಕೋರ್ಟು ಒಪ್ಪಲಿಲ್ಲ. ಲಂಡನ್ನಿನಲ್ಲಿ ಟಿಳಕರ ಪರವಾಗಿ ಆಸ್ಕ್ವಿತ್ ವಾದಿಸಿದರೂ ಪ್ರಿವಿ ಕೌನ್ಸಿಲು ವಿಶೇಷಾನುಮತಿಯನ್ನು ಕೊಡಲಿಲ್ಲ. ಹದಿನೆಂಟು ತಿಂಗಳ ಶಿಕ್ಷೆ ಮುಗಿಯುವ ಮೊದಲೇ, 1898ರ ಸೆಪ್ಟೆಂಬರಿನಲ್ಲಿ, ಅವರ ಬಿಡುಗಡೆಯಾಯಿತು. ಆದರೆ ಅದು ಮ್ಯಾಕ್ಸ್ ಮುಲ್ಲರ್ ಮೊದಲಾದವರು ಮಾಡಿಕೊಂಡ ದಯಾಯಾಚನೆಯ ಫಲ, ಅಪೀಲಿನದಲ್ಲ. ದಯೆಯು ಶಿಕ್ಷೆಯನ್ನು ಇಳಿಸುತ್ತದೆ, ಕಳಂಕವನ್ನು ತೊಳೆಯುವುದಿಲ್ಲ.

1908ರ ಜುಲೈಯಲ್ಲಿ ಎರಡನೆಯ ವಿಚಾರಣೆ ನಡೆಯಿತು. ನ್ಯಾಯಮೂರ್ತಿ ದಾವರರು ಆಸನದಲ್ಲಿದ್ದರು; 1897ರಲ್ಲಿ ಟಿಳಕರ ಜಾಮೀನಿಗಾಗಿ ವಾದಿಸಿದವರು ಅವರೇ ಎಂಬುದು ವಿಧಿಯ ವೈಚಿತ್ರ್ಯ. ಏಳು ಮಂದಿ ಯುರೋಪಿಯನರೂ ಇಬ್ಬರು ಪಾರಸಿಗಳೂ ಇದ್ದ ಜ್ಯೂರಿಯು 7-2 ಬಹುಮತದಿಂದ ದೋಷಿ ಎಂದಿತು. ಆರು ವರ್ಷಗಳ ಗಡೀಪಾರಿನ ಶಿಕ್ಷೆಯಾಯಿತು. ಅಪೀಲಿಗಾಗಿ ಬೇಡಿದ ಅನುಮತಿ ಮತ್ತೆ ದೊರೆಯಲಿಲ್ಲ. ಇಲ್ಲಿಯ ಸ್ವಾರಸ್ಯವನ್ನು ಓದುಗರು ಗಮನಿಸಬೇಕು. ಅಡಾಲ್ಫ್ ಬೆಕ್ ಎಂಬ ನಿರಪರಾಧಿ ಎರಡು ಬಾರಿ ದೋಷಿಯೆನಿಸಿದ ಪ್ರಕರಣದಿಂದ ಎಚ್ಚತ್ತ ಇಂಗ್ಲೆಂಡು, 1907ರ ಕಾಯಿದೆಯಿಂದ ಫೌಜದಾರಿ ಅಪೀಲು ನ್ಯಾಯಾಲಯವನ್ನು ಸ್ಥಾಪಿಸಿತ್ತು. ಅದು ಕಾರ್ಯಾರಂಭ ಮಾಡಿದುದು 1908ರಲ್ಲಿಯೇ. ಲಂಡನ್ನಿನ ಸಾಮಾನ್ಯ ಕಳ್ಳನಿಗೆ ಆ ವರ್ಷ ದೊರೆತ ಹಕ್ಕು, ಅದೇ ಸಾಮ್ರಾಟನ ಮುಂಬಯಿಯಲ್ಲಿ ಟಿಳಕರಿಗೆ ದೊರೆಯಲಿಲ್ಲ!

1916ರ ಪ್ರಸಂಗವನ್ನು ಇದರೊಡನೆ ಹೋಲಿಸಿದರೆ ವಿಷಯವು ಸ್ಪಷ್ಟವಾಗುತ್ತದೆ. ಬೆಳಗಾವಿಯಲ್ಲಿಯೂ ಅಹಮದನಗರದಲ್ಲಿಯೂ ಮಾಡಿದ ಹೋಮ್ ರೂಲ್ ಭಾಷಣಗಳಿಗಾಗಿ ಪುಣೆಯ ಜಿಲ್ಲಾ ಮ್ಯಾಜಿಸ್ಟ್ರೇಟರು ಟಿಳಕರಿಂದ 20,000 ರೂಪಾಯಿಗಳ ಮುಚ್ಚಳಿಕೆಯನ್ನೂ ತಲಾ 10,000 ರೂಪಾಯಿಗಳ ಎರಡು ಜಾಮೀನುಗಳನ್ನೂ ಕೇಳಿದರು. ಇಲ್ಲಿ ಜ್ಯೂರಿಯಿರಲಿಲ್ಲ, ಪರಿಶೀಲಿಸಬಹುದಾದ ಲಿಖಿತ ಆಜ್ಞೆಯಿತ್ತು. ನ್ಯಾಯಮೂರ್ತಿ ಬ್ಯಾಚಲರ್ ಮತ್ತು ಶಹಾ ಅವರು ಭಾಷಣಗಳನ್ನು ಬಿಡಿ ವಾಕ್ಯಗಳಾಗಿ ನೋಡದೆ ಇಡಿಯಾಗಿ ಓದಿ, ನವೆಂಬರಿನಲ್ಲಿ ಆ ಆಜ್ಞೆಯನ್ನು ರದ್ದುಪಡಿಸಿದರು. ಅದೇ ಹೈಕೋರ್ಟು, ಅದೇ ಪರಕೀಯ ಪ್ರಭುತ್ವ. ಆದರೆ ಮರುಪರಿಶೀಲನೆಯ ಬಾಗಿಲು ಈ ಸಲ ತೆರೆದಿತ್ತು.

ಹೈಕೋರ್ಟಿನ ಜ್ಯೂರಿ ವಿಚಾರಣೆಗಳಿಗೆ ಅಪೀಲಿನ ಹಕ್ಕು ಬಂದುದು 1943ರ ತಿದ್ದುಪಡಿಯಿಂದ. ಆಗಲೂ ಸಂಗತಿಗಳನ್ನು ಪ್ರಶ್ನಿಸಲು ಅಪೀಲು ನ್ಯಾಯಾಲಯದ ಅನುಮತಿಯೋ ವಿಚಾರಣೆ ನಡೆಸಿದ ನ್ಯಾಯಾಧೀಶರ ಪ್ರಮಾಣಪತ್ರವೋ ಬೇಕಾಗಿತ್ತು. ಟಿಳಕರು ತೀರಿಕೊಂಡು ಇಪ್ಪತ್ತಮೂರು ವರ್ಷಗಳಾಗಿದ್ದವು. 1973ರ ದಂಡಪ್ರಕ್ರಿಯಾ ಸಂಹಿತೆಯು ಜ್ಯೂರಿಯನ್ನೇ ಕೈಬಿಟ್ಟಿತು.

ಜ್ಯೂರಿಯನ್ನು ಪೂರಾ ಹಳಿಯುವುದು ನ್ಯಾಯವಾಗಲಾರದು. 1897ರ ಆ ಮೂವರು, ಅಧಿಕಾರದ ಇದಿರಿನಲ್ಲಿ ‘ನಿರ್ದೋಷಿ’ ಎಂದದ್ದು ಜ್ಯೂರಿಯ ಪೀಠದಿಂದಲೇ. ಆದರೆ ಮನುಷ್ಯನ ತೀರ್ಮಾನದಲ್ಲಿ ಪ್ರಮಾದವು ಸಹಜವಾದುದರಿಂದ, ಅದನ್ನು ತಿದ್ದುವ ಮಾರ್ಗವೂ ನ್ಯಾಯದ ಅಂಗವೇ ಆಗಬೇಕು. ಜ್ಯೂರಿಯ ನಿರ್ಣಯವನ್ನು ಕೇಳಿದ ಟಿಳಕರು, ತಾವು ನಿರಪರಾಧಿಯೆಂದೂ ಮನುಷ್ಯರ ನ್ಯಾಯಾಸನಕ್ಕಿಂತ ಮೇಲಾದ ಶಕ್ತಿಗಳುಂಟೆಂದೂ ಹೇಳಿದರು. ಆ ಮಾತನ್ನು ಇಂದು ಮುಂಬಯಿ ಹೈಕೋರ್ಟಿನ ಶಿಲಾಫಲಕದಲ್ಲಿ ಓದಬಹುದು. ಅದರಲ್ಲಿ ನಾವು ಅವರ ಧೈರ್ಯವನ್ನಷ್ಟೇ ಕಾಣುತ್ತೇವೆ. ಅಪೀಲಿಗೆ ಭೂಮಿಯ ಮೇಲೆ ಬೇರೆ ಎಡೆಯಿಲ್ಲದವನೊಬ್ಬನ ನಿಜಸ್ಥಿತಿಯೂ ಅದರಲ್ಲಿ ದಾಖಲಾಗಿದೆ.