ಪ್ರಾಸ್ಟೇಟ್ ಸುತ್ತಲಿನ ನರಗಳು ಪತ್ತೆಯಾದ ಚರಿತ್ರೆ

ನಮ್ಮ ಚನ್ನಗಿರಿ ಅಡಿಕೆಯ ಸೀಮೆ. ಅಡಿಕೆ ಸುಲಿಯುವುದನ್ನು ನೋಡದ ವಿದ್ಯಾರ್ಥಿ ಇಲ್ಲಿ ಇರಲಾರ. ಹೊರಗೆ ಸಿಪ್ಪೆ, ಒಳಗೆ ತಿರುಳು. ಹೆಚ್ಚು ಕಡಿಮೆ ಒಂದು ಅಡಿಕೆಕಾಯಿಯಷ್ಟೇ ಗಾತ್ರದ ಗ್ರಂಥಿ ಪ್ರತಿಯೊಬ್ಬ ಗಂಡಸಿನ ಮೂತ್ರಕೋಶದ ಕೆಳಗಿದೆ. ಅದೇ ಪ್ರಾಸ್ಟೇಟ್. ಮೂತ್ರನಾಳ ಅದರ ನಡುವೆಯೇ ಹಾದುಹೋಗುತ್ತದೆ. ವಯಸ್ಸಾದಂತೆ ಅದು ಊದಿ ಮೂತ್ರ ಕಟ್ಟುವುದುಂಟು, ಕೆಲವರಿಗೆ ಕ್ಯಾನ್ಸರ್ ಆಗುವುದೂ ಉಂಟು. ಸಂಕೋಚದಿಂದ ನಮ್ಮ ಹಿರಿಯರು ಇದನ್ನು ಮನೆಯಲ್ಲೂ ಹೇಳಿಕೊಳ್ಳುವುದಿಲ್ಲ.

ಇದರ ಶಸ್ತ್ರಚಿಕಿತ್ಸೆ ಎರಡು ಬಗೆ. ಬರೀ ಊತವಿದ್ದರೆ ಸಿಪ್ಪೆ ಉಳಿಸಿ ತಿರುಳು ತೆಗೆದಂತೆ ಬೆಳೆದ ಭಾಗವನ್ನಷ್ಟೇ ತೆಗೆಯುತ್ತಾರೆ. ಐರ್ಲೆಂಡಿನ ಟೆರೆನ್ಸ್ ಮಿಲ್ಲಿನ್ 1945ರಲ್ಲಿ ಮೂತ್ರಕೋಶವನ್ನು ಕೊಯ್ಯದೆ ಹೀಗೆ ತೆಗೆಯುವ ಕ್ರಮವನ್ನು ಪ್ರಕಟಿಸಿದರು. ಕ್ಯಾನ್ಸರ್ ಆದರೆ ಸಿಪ್ಪೆಸಮೇತ ಇಡೀ ಗ್ರಂಥಿಯನ್ನೇ ತೆಗೆಯಬೇಕು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹ್ಯೂ ಹ್ಯಾಂಪ್ಟನ್ ಯಂಗ್ 1904ರಲ್ಲಿ ಇದನ್ನು ಮಾಡಿದರು.

ಗ್ರಂಥಿಯ ಸುತ್ತ ಏನೇನಿದೆ ಎಂಬುದು ಸ್ವಲ್ಪ ಮಟ್ಟಿಗೆ ಮೊದಲೇ ತಿಳಿದಿತ್ತು. ಮುಂಭಾಗದ ರಕ್ತನಾಳಗಳ ಜಾಲವನ್ನು ಇಟಲಿಯ ಸಾಂಟೊರಿನಿ 1724ರಲ್ಲಿ ವರ್ಣಿಸಿದ್ದರು. ಹಿಂಭಾಗದಲ್ಲಿ ಗುದನಾಳಕ್ಕೂ ಗ್ರಂಥಿಗೂ ನಡುವೆ ಇರುವ ಪೊರೆಯನ್ನು ಫ್ರಾನ್ಸಿನ ಡೆನೋನ್ವಿಲಿಯೆ 1836ರಲ್ಲಿ ಗುರುತಿಸಿದ್ದರು. ಆದರೆ ಎರಡೂ ಪಕ್ಕಗಳಲ್ಲಿ ಹಾದುಹೋಗುವ ನರಗಳ ನಿಜವಾದ ದಾರಿ ಶಸ್ತ್ರವೈದ್ಯರಿಗೆ ತಿಳಿದಿರಲಿಲ್ಲ. ಪರಿಣಾಮವಾಗಿ ರೋಗಿಯ ಜೀವ ಉಳಿದರೂ ದಾಂಪತ್ಯ ಸುಖ ಬಹುತೇಕ ಎಲ್ಲರಿಗೂ ಇಲ್ಲವಾಗುತ್ತಿತ್ತು. ಕೆಲವರಿಗೆ ಮೂತ್ರದ ಹಿಡಿತವೂ ತಪ್ಪುತ್ತಿತ್ತು. ನರಗಳು ಗ್ರಂಥಿಯೊಳಗೇ ಹೋಗುತ್ತವೆ, ಆದ್ದರಿಂದ ಈ ನಷ್ಟ ಅನಿವಾರ್ಯ ಎಂದೇ ಹಲವರು ನಂಬಿದ್ದರು.

ಇದಕ್ಕೆ ಕಾರಣವೂ ಇತ್ತು. ವಯಸ್ಕರ ಶವದಲ್ಲಿ ಕೊಬ್ಬು ತುಂಬಿರುತ್ತದೆ, ಸಂರಕ್ಷಕ ದ್ರವದಿಂದ ಅಂಗಗಳು ಒತ್ತಿಹೋಗಿರುತ್ತವೆ. ಅಲ್ಲಿ ಕೂದಲೆಳೆಯಂಥ ನರ ಕಾಣುವುದಿಲ್ಲ. ಬದುಕಿರುವ ರೋಗಿಯಲ್ಲಿ ರಕ್ತ ಉಕ್ಕಿ ಏನೂ ಕಾಣುವುದಿಲ್ಲ. ಜಾನ್ಸ್ ಹಾಪ್ಕಿನ್ಸಿನ ಪ್ಯಾಟ್ರಿಕ್ ವಾಲ್ಶ್ ಮೊದಲು ಮುಂಭಾಗದ ರಕ್ತನಾಳಗಳನ್ನು ಕಟ್ಟುವ ಕ್ರಮವನ್ನು ಸಹೋದ್ಯೋಗಿಯೊಡನೆ 1979ರಲ್ಲಿ ಪ್ರಕಟಿಸಿದರು. ರಕ್ತಸ್ರಾವ ಕಡಿಮೆಯಾಯಿತು, ಒಳಗಿನದು ಸ್ಪಷ್ಟವಾಗಿ ಕಾಣತೊಡಗಿತು.

1981ರ ಫೆಬ್ರವರಿಯಲ್ಲಿ ವಾಲ್ಶ್ ಹಾಲೆಂಡಿನ ಲೈಡನ್ ನಗರಕ್ಕೆ ಹೋದರು. ಅಲ್ಲಿ ನಿವೃತ್ತ ಪ್ರಾಧ್ಯಾಪಕ ಪೀಟರ್ ಡಾಂಕರ್ ಸತ್ತು ಹುಟ್ಟಿದ ಗಂಡು ಶಿಶುವಿನ ದೇಹದಲ್ಲಿ ಮೂತ್ರಕೋಶದ ನರಗಳನ್ನು ಬಿಡಿಸಿ ನೋಡುತ್ತಿದ್ದರು. ಶಿಶುವಿನ ದೇಹದಲ್ಲಿ ಕೊಬ್ಬು ಕಡಿಮೆ, ನರಗಳು ಎದ್ದು ಕಾಣುತ್ತವೆ. ಜನನೇಂದ್ರಿಯದ ನರಗಳು ಎಲ್ಲಿವೆ ಎಂದು ವಾಲ್ಶ್ ಕೇಳಿದರು. ತಾವು ಅದನ್ನು ಹುಡುಕಿಯೇ ಇಲ್ಲ ಎಂದರು ಡಾಂಕರ್. ಇಬ್ಬರೂ ಕೆಲವು ಗಂಟೆ ಕುಳಿತು ಹುಡುಕಿದರು. ನರಗಳು ಗ್ರಂಥಿಯ ಒಳಗಿರಲಿಲ್ಲ, ಸಿಪ್ಪೆಯ ಹೊರಗೆ ಪಕ್ಕದಲ್ಲಿ ಸಾಗಿದ್ದವು! 1982ರ ಏಪ್ರಿಲ್ 26ರಂದು ವಾಲ್ಶ್ ಈ ನರಗಳನ್ನು ಉದ್ದೇಶಪೂರ್ವಕವಾಗಿ ಉಳಿಸಿ ಮೊದಲ ಶಸ್ತ್ರಚಿಕಿತ್ಸೆ ಮಾಡಿದರು.

ಅನಂತರದ ಅಧ್ಯಯನಗಳಿಂದ, ಹಲವರಲ್ಲಿ ಈ ನರಗಳು ಒಂದೇ ಕಟ್ಟಾಗಿರದೆ ಬೀಸಣಿಗೆಯಂತೆ ಹರಡಿರುತ್ತವೆ ಎಂದು ತಿಳಿಯಿತು. ಕೇರಳ ಮೂಲದ ಡಾ. ಮಣಿ ಮೆನನ್ ಅಮೆರಿಕದ ಡೆಟ್ರಾಯಿಟ್‌ನಲ್ಲಿ ರೋಬೋಟ್ ನೆರವಿನಿಂದ ಪಕ್ಕದ ಪೊರೆಯನ್ನೂ ಪರದೆಯಂತೆ ಉಳಿಸುವ ಕ್ರಮವನ್ನು ಬೆಳೆಸಿದರು. ಆದರೂ ಕ್ಯಾನ್ಸರ್ ಸಿಪ್ಪೆ ದಾಟಿದ್ದರೆ ಆ ಕಡೆಯ ನರವನ್ನು ತೆಗೆಯಬೇಕಾಗಬಹುದು. ಉಳಿಸಿದರೂ ಚೇತರಿಕೆಗೆ ತಿಂಗಳುಗಳೇ ಬೇಕು, ಎಲ್ಲರಿಗೂ ಪೂರ್ಣ ಫಲ ಸಿಗುವುದಿಲ್ಲ.

ವಿದ್ಯಾರ್ಥಿಗಳೇ, ಪಠ್ಯದಲ್ಲಿದೆ ಎಂದು ಎಲ್ಲರೂ ಒಪ್ಪಿದ್ದನ್ನು ಒಬ್ಬರು ಮತ್ತೆ ಕೇಳಿದ್ದರಿಂದ ಈ ಜ್ಞಾನ ದೊರೆಯಿತು. ಹೆಸರೂ ಇಲ್ಲದ ಒಂದು ಶಿಶು ಜಗತ್ತಿನ ವೈದ್ಯರಿಗೆ ಪಾಠ ಹೇಳಿತು. ಹಿರಿಯರಲ್ಲಿ ಒಂದು ವಿನಂತಿ: ಮೂತ್ರ ಕಟ್ಟಿದರೆ, ಮೂತ್ರದಲ್ಲಿ ರಕ್ತ ಕಂಡರೆ ನಾಚಿಕೆ ಬಿಟ್ಟು ವೈದ್ಯರಿಗೆ ತೋರಿಸಿ. ಕ್ಯಾನ್ಸರ್ ಸಿಪ್ಪೆಯೊಳಗೇ ಇರುವಾಗ ತಿಳಿದರೆ ಜೀವದ ಜೊತೆಗೆ ನರವನ್ನೂ ಉಳಿಸುವ ಅವಕಾಶ ಹೆಚ್ಚು.