ಜಲ್ಲಿಹಾದಿಯ ಕೊನೆಗೆ ಕರಗುವ ನೆಲ

ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಟೈರು ಬಂದದ್ದು 1888ರಲ್ಲಿ. ಜಾನ್ ಡನ್‌ಲಪ್ ಅದನ್ನು ರೂಪಿಸಿದ ಕಾಲಕ್ಕೆ ಪೇಟೆಯ ಕೆಲವು ಬೀದಿಗಳನ್ನು ಬಿಟ್ಟರೆ ಉಳಿದ ರಸ್ತೆಗಳೆಲ್ಲ ಜಲ್ಲಿ, ಮಣ್ಣು, ಕೆಸರಿನವೇ ಆಗಿದ್ದವು. ನುಣುಪಾದ ರಸ್ತೆ ಬೇಕೆಂದು ಆಗ ದೊಡ್ಡ ದನಿಯಲ್ಲಿ ಕೇಳಿದವರಲ್ಲಿ ಸೈಕಲ್ ಸವಾರರು ಮುಂದಿದ್ದರು. ರಸ್ತೆಯೇನೋ ಬಂತು, ಆದರೆ ಅದು ಮೋಟಾರು ಕಾರಿನ ಪಾಲಾಯಿತು. ಈಗ ಅಗಲ ಟೈರಿನ ‘ಗ್ರಾವೆಲ್ ಬೈಕ್’ ಎಂಬ ಹೆಸರಿನಲ್ಲಿ ಸೈಕಲ್ಲು ಮತ್ತೆ ಜಲ್ಲಿಹಾದಿಗೆ ಮರಳಿದೆ. ವ್ಯಾಪಾರದ ಭಾಷೆಯಲ್ಲಿ ಇದು ಹೊಸ ಆವಿಷ್ಕಾರ. ಚರಿತ್ರೆಯ ಲೆಕ್ಕದಲ್ಲಿ ತವರಿಗೆ ವಾಪಸಾತಿ, ಅಷ್ಟೆ.

ಹೀಗೆ ಮರಳಿದವರು ಹುಡುಕುವ ಹಾದಿಗಳು ಸಾಮಾನ್ಯವಾಗಿ ಸೈಕಲ್ಲಿಗಾಗಿ ಮಾಡಿದವಲ್ಲ. ಯಾರೋ ಬೇರೆ ಉದ್ದೇಶಕ್ಕೆ ಮಾಡಿ, ಬಿಟ್ಟು ಹೋದವು. ಈಶಾನ್ಯ ಸ್ಪೇನಿನಲ್ಲಿ, ಎಬ್ರೊ ನದಿ ಮೆಡಿಟರೇನಿಯನ್ ಸಮುದ್ರ ಸೇರುವ ಕೆಟಲೋನಿಯಾದ ದಕ್ಷಿಣದಲ್ಲಿ ಅಂಥದೊಂದು ಹಾದಿಯಿದೆ. ಅದು ಬೆಟ್ಟಗಳ ನಡುವಿನಿಂದ ಹೊರಟು ನದಿಯ ಜೊತೆಗೂಡಿ ಟೊರ್ಟೋಸಾ ಪಟ್ಟಣಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ಕಾಲುವೆಗಳ ಏರಿಯ ಮೇಲೆ ಭತ್ತದ ಗದ್ದೆ, ಜೌಗು, ಉಪ್ಪಿನ ಹರವುಗಳನ್ನು ದಾಟಿದರೆ ಕಡಲು.

ಬೆಟ್ಟಸಾಲಿನ ಹೆಸರು ಪೋರ್ಟ್ಸ್. ಬಂದರಿಗೂ ಇದಕ್ಕೂ ಸಂಬಂಧವಿಲ್ಲ. ಕೆಟಲಾನ್ ಭಾಷೆಯಲ್ಲಿ ಆ ಮಾತಿಗೆ ನಾವು ‘ಘಾಟಿ’ ಎನ್ನುವ ಅರ್ಥವೂ ಉಂಟು. ಸುಣ್ಣಕಲ್ಲಿನ ಈ ಬೆಟ್ಟಗಳ ತುತ್ತತುದಿಯಾದ ಕಾರೊ ಶಿಖರ 1,400 ಮೀಟರಿಗೂ ಎತ್ತರವಾಗಿದೆ. ಅಲ್ಲಿ ನಿಂತರೆ ಕೆಳಗಿನ ಮುಖಜಭೂಮಿ ಸಮುದ್ರಕ್ಕೆ ಚಾಚಿದ ಬಾಣದ ಮೊನೆಯಂತೆ ಕಾಣುತ್ತದೆ. ಬೆಟ್ಟದ ಬುಡದ ಆರ್ನೆಸ್ ಬಳಿಯಿಂದ ಟೊರ್ಟೋಸಾದವರೆಗೆ ಸುಮಾರು 50 ಕಿಲೋಮೀಟರ್ ದೂರ ಸೈಕಲ್ ಹಾದಿ. ನಡುವೆ ಸುರಂಗದ ಮೇಲೆ ಸುರಂಗ, ಕಮರಿಗಳಿಗೆ ಕಟ್ಟಿದ ಎತ್ತರದ ಸೇತುವೆಗಳು. ಕೆಲವೆಡೆ ಡಾಂಬರು ಹಾಕಿದ್ದಾರೆ, ಕೆಲವೆಡೆ ಜಲ್ಲಿಯೇ. ಕಡಿದಾದ ಏರು ಎಲ್ಲಿಯೂ ಇಲ್ಲ. ಏಕೆಂದರೆ ಇದು ಒಂದು ಕಾಲಕ್ಕೆ ರೈಲು ದಾರಿ.

ಆ ರೈಲಿನ ಕಥೆ ಒಂದು ಕೈಗೂಡದ ಕನಸಿನ ಕಥೆ. ಅರಗಾನ್ ಪ್ರಾಂತಕ್ಕೆ ಕಡಲಿಲ್ಲ. ಅಲ್ಲಿನ ಎಣ್ಣೆ, ಧಾನ್ಯಗಳನ್ನು ಎಬ್ರೊ ಮುಖದ ಬಳಿಯ ಸಾಂತ್ ಕಾರ್ಲೆಸ್ ಬಂದರಿಗೆ ತಲುಪಿಸಬೇಕೆಂಬುದು 19ನೆಯ ಶತಮಾನದ ಯೋಜನೆ. ಆ ಬಂದರೂ ಇನ್ನೊಂದು ಅಪೂರ್ಣ ಕನಸೇ. ದೊರೆ ಮೂರನೆಯ ಚಾರ್ಲ್ಸ್ ಅಲ್ಲೊಂದು ಭವ್ಯ ನಗರ ಕಟ್ಟಲು ಹೊರಟಿದ್ದ. 1788ರಲ್ಲಿ ಅವನು ತೀರಿಕೊಂಡ ಮೇಲೆ ಕೆಲಸ ಅರ್ಧಕ್ಕೇ ನಿಂತಿತು. ರೈಲು 1895ರ ವೇಳೆಗೆ ಅರಗಾನಿನ ಅಲ್ಕಾನ್ಯಿಸ್ ಊರಿಗೆ ಬಂದು, ಅಲ್ಲಿಂದ ಮುಂದೆ ಸರ್ಕಾರಿ ಕಡತದ ವೇಗದಲ್ಲಿ ತೆವಳಿತು.

ದಾರಿಗೆ ವೇಗ ಕೊಟ್ಟದ್ದು ಯುದ್ಧ. 1938ರ ಜುಲೈ 25ರ ನಸುಕಿನಲ್ಲಿ ಗಣರಾಜ್ಯದ ಸೇನೆ ದೋಣಿಗಳಲ್ಲಿ ಎಬ್ರೊ ದಾಟಿತು. ನವೆಂಬರ್ 16ರವರೆಗೆ ನಡೆದ ಆ ಕದನ ಸ್ಪೇನಿನ ಅಂತರ್ಯುದ್ಧದಲ್ಲೇ ಅತಿ ದೀರ್ಘ, ಅತಿ ಘೋರ. ತನ್ನ ಪಡೆಗಳಿಗೆ ಮದ್ದುಗುಂಡು ಸಾಗಿಸಲು ಫ್ರಾಂಕೊ ಕಡೆಯವರು ರೈಲು ಹಳಿಯನ್ನು ಬೊಟ್ ಎಂಬ ಹಳ್ಳಿಯವರೆಗೆ ಎಳೆದರು. ಇಂದು ಸವಾರರು ಕಾಫಿ ಕುಡಿಯಲು ನಿಲ್ಲುವ ಈ ಊರಿನಲ್ಲಿ ಅಂದು ಗಾಯಾಳುಗಳು ಬಂದು ಇಳಿಯುತ್ತಿದ್ದರು. ಹತ್ತಿರದ ಕೊರ್ಬೆರಾ ಹಳ್ಳಿಯ ಹಳೆಯ ಭಾಗ ಬಾಂಬಿಗೆ ಸಿಕ್ಕು ನೆಲಸಮವಾಯಿತು. ಆ ಅವಶೇಷಗಳನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಈ ಸೀಮೆಗೆ ಭಾರತದ ನಂಟೂ ಇದೆ. ಅಂತಾರಾಷ್ಟ್ರೀಯ ದಳವನ್ನು ಸೇರಿ ಗಣರಾಜ್ಯದ ಪರ ಹೋರಾಡಿದ ನಾಗಪುರದ ಗೋಪಾಲ ಮುಕುಂದ ಹುದ್ದಾರ್, ಕದನಕ್ಕೆ ಕೆಲವೇ ತಿಂಗಳ ಮೊದಲು, 1938ರ ವಸಂತದಲ್ಲಿ ಇಲ್ಲಿಯ ಗಾಂಡೆಸಾ ಬಳಿ ಫ್ರಾಂಕೊ ಸೈನ್ಯಕ್ಕೆ ಸೆರೆ ಸಿಕ್ಕರು.

ಯುದ್ಧ ಮುಗಿದ ಮೇಲೆ, 1940ರ ದಶಕದ ಆರಂಭದಲ್ಲಿ, ರೈಲು ಟೊರ್ಟೋಸಾ ಮುಟ್ಟಿತು. ಸಮುದ್ರವನ್ನು ಮಾತ್ರ ಮುಟ್ಟಲೇ ಇಲ್ಲ. 1973ರ ಸೆಪ್ಟೆಂಬರಿನಲ್ಲಿ ಒಂದು ಸುರಂಗ ಕುಸಿಯಿತು. ನಷ್ಟದಲ್ಲಿದ್ದ ಮಾರ್ಗವನ್ನು ಮುಚ್ಚಲು ಅದು ಒಳ್ಳೆಯ ನೆಪವಾಯಿತು. ಹಳಿ ಕಿತ್ತರು, ನಿಲ್ದಾಣಗಳಿಗೆ ಬಳ್ಳಿ ಹಬ್ಬಿತು. ಹೀಗೆ ಕೈಬಿಟ್ಟ ರೈಲು ದಾರಿ ಸ್ಪೇನಿನಲ್ಲಿ 7,000 ಕಿಲೋಮೀಟರಿಗೂ ಮಿಕ್ಕಿತ್ತು. ಅವನ್ನು ನಡಿಗೆಗೂ ಸೈಕಲ್ಲಿಗೂ ಒದಗಿಸುವ ‘ಹಸಿರು ಹಾದಿ’ ಯೋಜನೆ 1993ರಲ್ಲಿ ಶುರುವಾಯಿತು. ರೈಲು ಕೊನೆಗೂ ಕಾಣದ ಕಡಲನ್ನು ಈಗ ಸೈಕಲ್ಲು ಕಾಣುತ್ತಿದೆ.

ಟೊರ್ಟೋಸಾ ದಾಟಿದರೆ ನೋಟವೇ ಬದಲು. ಎಬ್ರೊ ಮುಖಜಭೂಮಿ ಸುಮಾರು 320 ಚದರ ಕಿಲೋಮೀಟರ್ ವಿಸ್ತಾರದ, ಹಲಗೆಯಂತೆ ಸಪಾಟಾದ ನೆಲ. ಬಲದಂಡೆ ಕಾಲುವೆ 1860ರಲ್ಲಿ, ಎಡದಂಡೆಯದು 1912ರಲ್ಲಿ ನೀರು ತಂದವು. ಉಪ್ಪು ಜೌಗು ಗದ್ದೆಯಾದದ್ದು ಅವುಗಳಿಂದ. ಸಿಹಿನೀರು ಉಪ್ಪನ್ನು ಕೆಳಕ್ಕೆ ಒತ್ತುತ್ತದೆ. ನೀರು ನಿಲ್ಲಿಸಿದರೆ ಉಪ್ಪು ಮೇಲೇರುತ್ತದೆ. ಭತ್ತ ಬಿಟ್ಟು ಬೇರೆ ಬೆಳೆಯಲು ಅಲ್ಲಿನ ರೈತನಿಗೆ ಹೆಚ್ಚು ಆಯ್ಕೆಯಿಲ್ಲ ಎಂಬುದಕ್ಕೆ ಕಾರಣ ಇದೇ. ಕರಾವಳಿಯ ಗಜನಿ ಗದ್ದೆ ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ವಸಂತದಲ್ಲಿ ಗದ್ದೆಗೆ ನೀರು ಕಟ್ಟುತ್ತಾರೆ, ಸೆಪ್ಟೆಂಬರಿನಲ್ಲಿ ಕೊಯ್ಲು. ಬಕ, ರಾಜಹಂಸ, ಬಾತುಗಳಿಗೆ ಗದ್ದೆಗೂ ಜೌಗಿಗೂ ಭೇದವಿಲ್ಲ. 1983ರಲ್ಲಿ ಪ್ರದೇಶದ ಒಂದು ಭಾಗ ಪ್ರಕೃತಿ ಉದ್ಯಾನವಾಯಿತು.

ಈ ನೆಲ ಬಂದದ್ದು ಎಲ್ಲಿಂದ? 900 ಕಿಲೋಮೀಟರಿಗೂ ಉದ್ದದ ನದಿ ಮೇಲಿನ ಬೆಟ್ಟ ಬಯಲುಗಳಿಂದ ಹೊತ್ತು ತಂದ ಮರಳು, ಮೆಕ್ಕಲಿನಿಂದ. ಅದರಲ್ಲಿ ಮನುಷ್ಯನ ಕೈಯೂ ಇದೆ. ಹಡಗಿಗೆ, ಹೊಲಕ್ಕೆ, ಕುರಿಮಂದೆಗೆಂದು ಮೇಲ್ಸೀಮೆಯ ಕಾಡು ಕಡಿದಂತೆಲ್ಲ ಮಣ್ಣು ಹೆಚ್ಚು ಕೊಚ್ಚಿಬಂದು, ಕೆಲವೇ ಶತಮಾನಗಳಲ್ಲಿ ಮುಖಜಭೂಮಿ ಬಿರುಸಾಗಿ ಬೆಳೆಯಿತು. ಒಂದೆಡೆಯ ನಾಶ ಇನ್ನೊಂದೆಡೆ ಫಲವತ್ತಾದ ಗದ್ದೆಯಾಯಿತು. ಪರಿಸರದ ಚರಿತ್ರೆ ಹೀಗೆ ಒಳಿತು–ಕೆಡುಕುಗಳ ಸರಳ ಲೆಕ್ಕಕ್ಕೆ ಒಗ್ಗುವುದಿಲ್ಲ.

ಮೆಕಿನೆನ್ಸಾ ಅಣೆಕಟ್ಟು 1966ರಲ್ಲಿ, ಅದರ ಕೆಳಗಿನ ರಿಬಾ-ರೋಜಾ 1969ರಲ್ಲಿ ಸಿದ್ಧವಾದವು. ವಿದ್ಯುತ್ತು ಬಂತು, ಮೆಕ್ಕಲು ನಿಂತಿತು. ನೂರು ವರ್ಷಗಳ ಹಿಂದೆ ಬರುತ್ತಿದ್ದ ಮೆಕ್ಕಲಿನಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಈಗ ಜಲಾಶಯಗಳ ತಳದಲ್ಲೇ ಕೂರುತ್ತಿದೆ. ಮೆಕ್ಕಲಿನ ನೆಲಕ್ಕೆ ತನ್ನ ಭಾರಕ್ಕೆ ತಾನೇ ಕುಸಿಯುವ ಗುಣವಿದೆ. ಮೇಲೆ ಹೊಸ ಪದರ ಬೀಳದಿದ್ದರೆ ಅದು ತಗ್ಗುತ್ತದೆ. ಅದೇ ಹೊತ್ತಿಗೆ ಸಮುದ್ರಮಟ್ಟ ಏರುತ್ತಿದೆ. 1864ರಲ್ಲಿ ನದಿಮುಖದ ಬುಡಾ ದ್ವೀಪದ ತುದಿಯಲ್ಲಿ 50 ಮೀಟರಿಗೂ ಎತ್ತರದ ಕಬ್ಬಿಣದ ದೀಪಸ್ತಂಭ ನಿಲ್ಲಿಸಿದ್ದರು. ಆಮೇಲೆ ನದಿಯ ಮುಖ ಪಕ್ಕಕ್ಕೆ ಸರಿದು, ಆ ಅಂಚಿಗೆ ಮಣ್ಣು ಸಿಗುವುದು ತಪ್ಪಿತು. ಅಲೆಗಳು ನೆಲವನ್ನು ತಿಂದವು. 1961ರ ಡಿಸೆಂಬರಿನಲ್ಲಿ ಸ್ತಂಭ ಉರುಳಿತು. ನೆಲದ ಮೇಲೆ ಕಟ್ಟಿದ್ದರ ಅವಶೇಷ ಇಂದು ದಡದಿಂದ ದೂರ, ನೀರಿನಡಿ ಇದೆ.

2001ರಲ್ಲಿ ಸ್ಪೇನ್ ಸರ್ಕಾರ ಎಬ್ರೊ ನೀರನ್ನು ದಕ್ಷಿಣಕ್ಕೆ ತಿರುಗಿಸುವ ಯೋಜನೆ ತಂದಾಗ ಕೆಳದಂಡೆಯ ಜನ ಬೀದಿಗಿಳಿದರು. ಗಂಟು ಹಾಕಿದ ಕೊಳವೆ ಅವರ ಗುರುತು. 2004ರಲ್ಲಿ ಆ ತಿರುವು ರದ್ದಾಯಿತು. ಗುರುತಿನ ಚಿತ್ರ ಇಂದಿಗೂ ಗೋಡೆಗಳ ಮೇಲೆ ಕಾಣುತ್ತದೆ. ಈಗಿನ ಬೇಡಿಕೆ ನೀರಿನದಷ್ಟೇ ಅಲ್ಲ, ಮಣ್ಣಿನದು: ಅಣೆಕಟ್ಟಿನ ಹಿಂದೆ ಕೂತ ಮೆಕ್ಕಲನ್ನು ಹರಿಯಬಿಡಿ ಎಂಬುದು. ಇಂಜಿನಿಯರುಗಳಿಗೆ ಇದು ಸುಲಭದ ಕೆಲಸವಲ್ಲ. ಕಡಲಂಚಿಗೆ ಮರಳು ಸುರಿಯುವುದೋ, ಅಂಚಿನ ಗದ್ದೆಗಳನ್ನು ಕಡಲಿಗೆ ಬಿಟ್ಟು ಹಿಂದೆ ಸರಿಯುವುದೋ ಎಂಬ ಚರ್ಚೆಯೂ ನಡೆದಿದೆ. ಸರಿಯುವುದೆಂದರೆ ಯಾರ ಗದ್ದೆ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ.

ಹಾದಿಯ ಒಂದು ಕೊನೆ ಟ್ರಬುಕಡಾರ್ ಎಂಬ ಮರಳಿನ ದಿಬ್ಬ. ಕಿಲೋಮೀಟರುಗಟ್ಟಲೆ ಉದ್ದ, ಅಗಲ ಮಾತ್ರ ಅತ್ಯಲ್ಪ. ಒಂದು ಮಗ್ಗುಲಿಗೆ ಕಡಲು, ಇನ್ನೊಂದಕ್ಕೆ ಕೊಲ್ಲಿ, ಆಚೆ ತುದಿಯಲ್ಲಿ ಉಪ್ಪಿನಾಗರ. 2020ರ ಜನವರಿಯ ‘ಗ್ಲೋರಿಯಾ’ ಬಿರುಗಾಳಿ ಸುಮಾರು 3,000 ಹೆಕ್ಟೇರ್ ಗದ್ದೆಗೆ ಉಪ್ಪುನೀರು ನುಗ್ಗಿಸಿ, ಈ ದಿಬ್ಬವನ್ನು ಒಡೆಯಿತು. ಉಪ್ಪಿನಾಗರಕ್ಕೆ ಹೋಗುವ ದಾರಿ ಕಡಿದುಹೋಯಿತು. ಆಮೇಲೆ ಯಂತ್ರಗಳು ಬಂದು ಮರಳು ಪೇರಿಸಿ ದಿಬ್ಬವನ್ನು ಮತ್ತೆ ಜೋಡಿಸಿದವು.